10,000 ಮೀಟರ್ ಓಟಕ್ಕೆ ಜನ ಯಾಕೆ ಬರಲ್ಲ? ಓಡುವವರು ಯಾಕೆ ಬರಲ್ಲ?

ಲ್ಯಾಪ್ ಎಣಿಸುವವ

ಟ್ರ್ಯಾಕ್ ಮೇಲೆ 10,000 ಮೀಟರ್ ಇಡೋಣ ಅಂದ ತಕ್ಷಣ ಆಯೋಜಕರ ಮುಖ ಸಪ್ಪೆಯಾಗುತ್ತದೆ. 25 ಸುತ್ತು, ಹತ್ತಿರ ಹತ್ತಿರ ಅರ್ಧ ಗಂಟೆ, ಯಾರು ನೋಡುತ್ತಾರೆ ಅನ್ನುತ್ತಾರೆ. ಟಿವಿಯವರದು ಇನ್ನೊಂದು ಕತೆ. ಮೊದಲ ಮೂರು ಸುತ್ತು ತೋರಿಸಿ ಕ್ಯಾಮೆರಾ ಪೋಲ್ ವಾಲ್ಟ್ ಕಡೆ ತಿರುಗುತ್ತದೆ, ಜಾಹೀರಾತು ಬರುತ್ತದೆ, ವಾಪಸ್ ಬರುವ ಹೊತ್ತಿಗೆ 15 ಜನರ ಗುಂಪು ಐದಾಗಿರುತ್ತದೆ. ಯಾರು ವೇಗ ಏರಿಸಿದರು, ಯಾರು ಮೊದಲು ಕೈಚೆಲ್ಲಿದರು, ಒಂದೂ ಗೊತ್ತಾಗುವುದಿಲ್ಲ. ಆಮೇಲೆ ಅವರೇ ಹೇಳುತ್ತಾರೆ, ಈ ಓಟದಲ್ಲಿ ಏನೂ ನಡೆಯಲ್ಲ ಅಂತ.

2019ರಲ್ಲಿ ಡೈಮಂಡ್ ಲೀಗ್, ಅಂದರೆ ದೊಡ್ಡ ಅಥ್ಲೆಟಿಕ್ಸ್ ಕೂಟಗಳ ಸರಣಿ, ಮುಂದಿನ ಸೀಸನ್‌ನಿಂದ 3,000 ಮೀಟರ್‌ಗಿಂತ ಉದ್ದದ ಓಟ ಬೇಡ ಅಂತ ಘೋಷಿಸಿದ್ದು ನೆನಪಿರಬಹುದು. ಆಮೇಲೆ 5,000 ವಾಪಸ್ ಬಂತು. 2026ರ ಬುಡಾಪೆಸ್ಟ್ ಅಲ್ಟಿಮೇಟ್ ಚಾಂಪಿಯನ್‌ಶಿಪ್ ಪಟ್ಟಿ ನೋಡಿ, ಅಲ್ಲೂ 5,000ಕ್ಕೇ ಗೆರೆ ಎಳೆದಿದ್ದಾರೆ. ನ್ಯೂಯಾರ್ಕ್‌ನ ಮಹಿಳೆಯರ ಕೂಟ ಅಥ್ಲೋಸ್ 2024ರಲ್ಲಿ ಶುರುವಾದಾಗ 1,500 ದಾಟಿ ಏನೂ ಇರಲಿಲ್ಲ. ಅಂದರೆ ಹೊಸದಾಗಿ ಯಾರೇ ಏನೇ ಶುರು ಮಾಡಲಿ, ಮೊದಲು ಕೈಬಿಡುವುದು ದೂರದ ಓಟವನ್ನೇ.

ನನಗೆ ಈ ಲೆಕ್ಕ ಒಪ್ಪಿಗೆ ಇಲ್ಲ. ಸಿಡ್ನಿ 2000ರ ಫೈನಲ್ ತಗೊಳ್ಳಿ. ಇಥಿಯೋಪಿಯಾದ ಗೆಬ್ರೆಸೆಲಾಸಿ 27:18.20, ಕೀನ್ಯಾದ ಟೆರ್ಗಾಟ್ 27:18.29. ಹತ್ತು ಕಿಲೋಮೀಟರ್ ಓಡಿ 0.09 ಸೆಕೆಂಡ್ ಅಂತರ. ಅದೇ ಒಲಿಂಪಿಕ್ಸ್‌ನ ಪುರುಷರ 100 ಮೀಟರ್‌ನಲ್ಲಿ ಮೊದಲನೆಯವನಿಗೂ ಎರಡನೆಯವನಿಗೂ 0.12 ಸೆಕೆಂಡ್ ಅಂತರ ಇತ್ತು! ಪ್ಯಾರಿಸ್ 2024ರಲ್ಲಿ ಚೆಪ್ಟೆಗೈ, ಅರೆಗಾವಿ, ಫಿಶರ್ ಮೂವರೂ ಅರ್ಧ ಸೆಕೆಂಡಿನೊಳಗೆ ಮುಗಿಸಿದರು, 13 ಜನ 27 ನಿಮಿಷದ ಒಳಗೆ ಬಂದರು. ದೂರ ಜಾಸ್ತಿ ಆದದ್ದು ತೊಂದರೆ ಅಲ್ಲ. ಆ ದೂರದಲ್ಲಿ ಏನಾಗುತ್ತಿದೆ ಅಂತ ನೋಡುವವನಿಗೆ ಯಾರೂ ಹೇಳದೆ ಇರುವುದು ತೊಂದರೆ. ಓಡುವವನಿಗೆ ಅಲ್ಲಿ ಬರಲು ಕಾರಣವೇ ಇಲ್ಲದಿರುವುದು ಇನ್ನೊಂದು ತೊಂದರೆ. ಎರಡೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಏನು ಮಾಡಬಹುದು, ಹೇಳಿ.

ಸೋಫಾ ಪ್ರೇಕ್ಷಕ

ಲ್ಯಾಪ್ ಸರ್, ನೀವು ಕೊಟ್ಟ ಉದಾಹರಣೆ ಎರಡೂ ಒಲಿಂಪಿಕ್ ಫೈನಲ್. ಒಲಿಂಪಿಕ್ ಫೈನಲ್ ಅಂದರೆ ಏನಿಟ್ಟರೂ ಜನ ನೋಡುತ್ತಾರೆ. ಮಾಮೂಲಿ ಕೂಟದ 5,000 ನೋಡಿದ್ದೀರಾ? ಮುಂದೆ ವೇಗ ಹಿಡಿದುಕೊಡಲೆಂದೇ ಓಡುವ ಇಬ್ಬರು ಪೇಸ್‌ಮೇಕರ್, ಹಿಂದೆ ಸಾಲಾಗಿ ಹನ್ನೆರಡು ಜನ, ಅದರಲ್ಲಿ ಏಳು ಜನರದು ಒಂದೇ ಕಂಪನಿಯ ಒಂದೇ ಬಣ್ಣದ ಬನಿಯನ್. ನನ್ನಂಥವನಿಗೆ ಯಾರು ಯಾರು ಅಂತ ಗೊತ್ತಾಗುವುದಾದರೂ ಹೇಗೆ? ಹೆಸರು ಎದೆ ಮೇಲೆ ಇರುತ್ತದೆ, ಆದರೆ ಕ್ಯಾಮೆರಾ ಪಕ್ಕದಿಂದ ಹಿಡಿದಿರುತ್ತದೆ.

ಮತ್ತೆ ಆ ಟ್ರ್ಯಾಕ್ ಅಂಚಿನ ಹಸಿರು ದೀಪ. ದಾಖಲೆಯ ವೇಗದಲ್ಲಿ ಓಡುವ ದೀಪ ಚೆನ್ನಾಗಿಯೇ ಇದೆ, ಒಪ್ಪುತ್ತೇನೆ, ಮೊದಲ ಸಲ ನೋಡಿದಾಗ ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ಎಂಟನೇ ಸುತ್ತಿಗೆ ದೀಪ 20 ಮೀಟರ್ ಮುಂದೆ ಹೋಯಿತು ಅಂದುಕೊಳ್ಳಿ, ಅಲ್ಲಿಗೆ ಕತೆ ಮುಗಿಯಿತು. ಉಳಿದ ಸುತ್ತುಗಳಲ್ಲಿ ಯಾರು ಗೆದ್ದರೂ "ದಾಖಲೆ ಆಗಲಿಲ್ಲ" ಅನ್ನುವ ಬೇಸರದಲ್ಲೇ ನೋಡಬೇಕು. ಗೆಲ್ಲುವುದಕ್ಕಿಂತ ಗಡಿಯಾರ ದೊಡ್ಡದಾಗಿಬಿಟ್ಟಿದೆ.

ಪೇಸ್‌ಮೇಕರ್ ಇಲ್ಲದಿದ್ದರೆ ಇನ್ನೊಂದು ಅತಿ. 22 ಸುತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಓಡುತ್ತಾರೆ, ಕೊನೆಯ ಮೂರು ಸುತ್ತು ಮಾತ್ರ ಓಟ. ಹಾಗಾದರೆ ಮೂರೇ ಸುತ್ತು ಇಡಿ ಅಂತ ಯಾರಾದರೂ ಅಂದರೆ ಏನು ಉತ್ತರ ಕೊಡುತ್ತೀರಿ?

ಹಳೇ ಸ್ಪೈಕ್ಸ್

ನಾನು ಕ್ಲಬ್ ಮಟ್ಟದಲ್ಲಿ 5,000 ಮತ್ತು 10,000 ಓಡಿದವಳು, ಓಡುವವರ ಕಡೆಯಿಂದ ಹೇಳುತ್ತೇನೆ. ಸೋಫಾ ಅವರು ಕೇಳಿದ್ದಕ್ಕೂ ಕೊನೆಗೆ ಬರುತ್ತೇನೆ.

ಮೊದಲು ಮೈ. 1,500 ಓಡುವವರು ವಾರದಲ್ಲಿ ಎರಡು ಸಲ ಬೇಕಾದರೂ ಓಡಬಲ್ಲರು. ಸ್ಪೈಕ್ಸ್, ಅಂದರೆ ಮೊಳೆ ಇರುವ ಶೂ, ಹಾಕಿ 10,000 ಜೋರಾಗಿ ಓಡಿದ ಮೇಲೆ ಮೀನಖಂಡ, ಹಿಮ್ಮಡಿ ಮೇಲಿನ ನರ ಎರಡೂ ಕೆಲವು ದಿನ ಮಾತು ಕೇಳಲ್ಲ. 25 ಸುತ್ತು ಅಂದರೆ 50 ತಿರುವು, ಎಲ್ಲವೂ ಎಡಕ್ಕೇ. ಹಾಗಾಗಿ ವರ್ಷಕ್ಕೆ ಎರಡೋ ಮೂರೋ ಒಳ್ಳೆಯ 10,000 ಮಾತ್ರ ಸಾಧ್ಯ. ಅದರಲ್ಲಿ ಒಂದು ಆಯ್ಕೆ ಓಟಕ್ಕೆ ಹೋಗುತ್ತದೆ, ಒಂದು ದೊಡ್ಡ ಚಾಂಪಿಯನ್‌ಶಿಪ್‌ಗೆ. ಉಳಿದ ಒಂದನ್ನು ನಿಮ್ಮ ಕೂಟಕ್ಕೆ ಯಾಕೆ ಕೊಡಬೇಕು?

ಎರಡನೆಯದು ದುಡ್ಡು. ಇದನ್ನು ನಾಚಿಕೆ ಇಲ್ಲದೆ ಮಾತಾಡಬೇಕು. ಬಾಸ್ಟನ್ ಮ್ಯಾರಥಾನ್ ಗೆದ್ದರೆ 1,50,000 ಡಾಲರ್. ವಿಶ್ವ ಚಾಂಪಿಯನ್‌ಶಿಪ್ ಚಿನ್ನಕ್ಕೆ 70,000 ಡಾಲರ್, ಅದೂ ಎರಡು ವರ್ಷಕ್ಕೊಮ್ಮೆ. 2024ರಲ್ಲಿ ಡೈಮಂಡ್ ಲೀಗ್‌ನ ಒಂದು ಮಾಮೂಲಿ ಕೂಟದಲ್ಲಿ ಗೆದ್ದವರಿಗೆ ಸಿಗುತ್ತಿದ್ದದ್ದು 10,000 ಡಾಲರ್, ಆ ಲೀಗ್‌ನಲ್ಲಿ 10,000 ಮೀಟರ್‌ಗೆ ಖಾಯಂ ಜಾಗವೇ ಇಲ್ಲ. ರಸ್ತೆ ಓಟದಲ್ಲಿ ಬಹುಮಾನದ ಜೊತೆಗೆ ಬಂದು ನಿಂತಿದ್ದಕ್ಕೂ ದುಡ್ಡು ಉಂಟು. ಕೀನ್ಯಾದ ಕಿಪ್‌ಚೋಗೆ 2003ರಲ್ಲಿ 5,000ದ ವಿಶ್ವ ಚಾಂಪಿಯನ್ ಆಗಿದ್ದವನು. 2012ರ ಒಲಿಂಪಿಕ್ ತಂಡದಲ್ಲಿ ಜಾಗ ಸಿಗಲಿಲ್ಲ, 2013ರಲ್ಲಿ ಮ್ಯಾರಥಾನ್‌ಗೆ ಹೋದ, ಮುಂದೆ ಮ್ಯಾರಥಾನ್‌ನ ದೊಡ್ಡ ಹೆಸರೇ ಆದ. ಮೊದಲೆಲ್ಲ ಟ್ರ್ಯಾಕ್‌ನಲ್ಲಿ ವಯಸ್ಸಾದ ಮೇಲೆ ರಸ್ತೆಗೆ ಇಳಿಯುತ್ತಿದ್ದರು. ಈಗ ಚಿಕ್ಕ ವಯಸ್ಸಿನವರೂ ನೇರವಾಗಿ ರಸ್ತೆಗೇ ಹೋಗುತ್ತಿದ್ದಾರೆ, ತಪ್ಪು ಹೇಳಲು ಆಗುವುದಿಲ್ಲ.

ಮೂರನೆಯದು ಅರ್ಹತಾ ಸಮಯ. ಪ್ಯಾರಿಸ್ ಒಲಿಂಪಿಕ್ಸ್‌ಗೂ ಟೋಕಿಯೊ 2025ರ ವಿಶ್ವ ಚಾಂಪಿಯನ್‌ಶಿಪ್‌ಗೂ ಪುರುಷರ 10,000ಕ್ಕೆ 27:00.00 ಇಟ್ಟಿದ್ದರು. ಇದು ಎಷ್ಟು ಕಷ್ಟ ಅಂದರೆ, ತಂಪಾದ ರಾತ್ರಿ, ಗಾಳಿ ಇಲ್ಲದ ಟ್ರ್ಯಾಕ್, ಒಳ್ಳೆಯ ಪೇಸ್‌ಮೇಕರ್, ಜೊತೆಗೆ ಅದೇ ವೇಗದ ಹತ್ತು ಹದಿನೈದು ಜನ, ಎಲ್ಲ ಒಟ್ಟಿಗೆ ಸಿಕ್ಕರೆ ಮಾತ್ರ ಆಗುವ ಕೆಲಸ. ಅದಕ್ಕೇ ಎಲ್ಲರೂ ಎರಡು ಮೂರು ಕಡೆಗೇ ಓಡುತ್ತಾರೆ. ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊದಲ್ಲಿ ನಡೆಯುವ "ದ ಟೆನ್" ಅಂಥದ್ದು. 2025ರಲ್ಲಿ ನಮ್ಮ ಭಾರತದ ಗುಲ್ವೀರ್ ಸಿಂಗ್ ಅಲ್ಲಿ 27:00.22 ಓಡಿದರು. ಬರೀ 0.22 ಸೆಕೆಂಡಿಗೆ ತಪ್ಪಿತು! ಆ ಓಟ ಎಷ್ಟು ಜನ ನೇರವಾಗಿ ನೋಡಿದ್ದೀರಿ, ಕೈ ಎತ್ತಿ. ಒಳ್ಳೆಯ ಓಟಗಾರರು ಒಂದೆಡೆ ಸೇರುತ್ತಲೇ ಇದ್ದಾರೆ, ಆದರೆ ನೋಡುವವರು ಇಲ್ಲದ ಕಡೆ ಸೇರುತ್ತಾರೆ.

ಸೋಫಾ ಅವರೇ, ಮೂರೇ ಸುತ್ತು ಇಟ್ಟರೆ ಅದು 1,200 ಮೀಟರ್ ಓಟ ಆಗುತ್ತದೆ, ಬೇರೆ ಜನ ಗೆಲ್ಲುತ್ತಾರೆ. ಆ 22 ಸುತ್ತು ಕಾಲಿನಲ್ಲಿ ಇದ್ದಾಗಲೇ ಕೊನೆಯ ಮೂರಕ್ಕೆ ಬೆಲೆ.

ಮೂರನೇ ಲೇನ್

ಲಂಡನ್‌ನ ಹ್ಯಾಂಪ್‌ಸ್ಟೆಡ್ ಹೀತ್ ಪಕ್ಕ ಪಾರ್ಲಿಮೆಂಟ್ ಹಿಲ್ ಅಂತ ಒಂದು ಸಾದಾ ಟ್ರ್ಯಾಕ್ ಇದೆ. ಕ್ಲಬ್‌ನವರು ಅಭ್ಯಾಸ ಮಾಡುವಂಥದ್ದು, ಸ್ಟೇಡಿಯಂ ಅನ್ನುವ ಹಾಗೇ ಇಲ್ಲ. 2013ರಿಂದ ಹೈಗೇಟ್ ಹ್ಯಾರಿಯರ್ಸ್ ಕ್ಲಬ್‌ನವರು ಅಲ್ಲಿ "ನೈಟ್ ಆಫ್ ದ 10,000 ಮೀಟರ್ ಪಿಬೀಸ್" (ಪಿಬಿ ಅಂದರೆ ಓಟಗಾರನ ಸ್ವಂತ ಅತ್ಯುತ್ತಮ ಸಮಯ) ನಡೆಸಿಕೊಂಡು ಬಂದರು. ಒಂದೇ ದಿನ, ಬರೀ 10,000. ಮಧ್ಯಾಹ್ನದಿಂದ ರಾತ್ರಿವರೆಗೆ ಹೀಟ್ ಮೇಲೆ ಹೀಟ್, ಅಂದರೆ ಒಂದೊಂದು ಗುಂಪಿಗೆ ಒಂದೊಂದು ಓಟ. ನಿಧಾನದವರು ಮೊದಲು, ಕತ್ತಲಾಗುವ ಹೊತ್ತಿಗೆ ಅತಿ ವೇಗದವರು. ಪ್ರವೇಶ ಉಚಿತ.

ಮುಖ್ಯ ವಿಷಯ ಏನು ಅಂದರೆ ಜನ ಗ್ಯಾಲರಿಯಲ್ಲಿ ಕೂರುವುದಿಲ್ಲ, ಟ್ರ್ಯಾಕ್ ಮೇಲೆಯೇ ನಿಲ್ಲುತ್ತಾರೆ! ಓಟಕ್ಕೆ ಒಳಗಿನ ಲೇನ್‌ಗಳು ಸಾಕು, ಹೊರಗಿನ ಲೇನ್‌ಗಳಲ್ಲಿ ಜನ. ನೇರದಾರಿಯ ಒಂದು ಭಾಗದಲ್ಲಿ ಟ್ರ್ಯಾಕ್‌ಗೇ ಡೇರೆ ಹಾಕಿ ಅದರೊಳಗಿಂದ ಓಡಿಸುತ್ತಾರೆ, ಒಳಗೆ ಸಂಗೀತ, ಕೂಗಾಟ, ಎರಡೂ ಕಡೆ ಕೈಗೆಟುಕುವಷ್ಟು ಹತ್ತಿರ ಜನ. ಪ್ರತಿ ಸುತ್ತಿಗೂ ಒಮ್ಮೆ ಓಟಗಾರ ಆ ಗದ್ದಲದೊಳಗೆ ನುಗ್ಗಿ ಹೊರಬರುತ್ತಾನೆ. ಬಿಯರ್ ಇದೆ, ಬೆಂಕಿ ಉಗುಳುವ ಯಂತ್ರ ಇದೆ, ಮಕ್ಕಳು ಇದ್ದಾರೆ. ಶಿಸ್ತಿನ ಅಧಿಕಾರಿಗಳಿಗೆ ನೋಡಿದರೆ ತಲೆ ತಿರುಗಬಹುದು.

ಟಿವಿಯಲ್ಲಿ ಚಿಕ್ಕದಾಗಿ ಕಾಣುವ ಓಟವನ್ನು ಒಂದು ಮೀಟರ್ ದೂರದಿಂದ ನೋಡಿದರೆ ಬೇರೆಯೇ ಪ್ರಾಣಿ. ಸುತ್ತಿಗೆ 64 ಸೆಕೆಂಡ್ ಅಂದರೆ ಎಷ್ಟು ಜೋರು ಅಂತ ಆಗ ಗೊತ್ತಾಗುತ್ತದೆ. ಉಸಿರು ಕೇಳಿಸುತ್ತದೆ, ಸ್ಪೈಕ್ಸ್ ಟ್ರ್ಯಾಕ್‌ಗೆ ಕಚ್ಚುವ ಸದ್ದು ಕೇಳಿಸುತ್ತದೆ, ಯಾರ ಭುಜ ಬಿಗಿಯಾಗಿದೆ ಅಂತ ಮಾತಿಲ್ಲದೆ ತಿಳಿಯುತ್ತದೆ.

ಓಸ್ಲೊದ ಬಿಸ್ಲೆಟ್‌ನದೂ ಇದೇ ಗುಟ್ಟು. ಅಲ್ಲಿ ಜನ ಟ್ರ್ಯಾಕ್ ಪಕ್ಕದ ಜಾಹೀರಾತು ಹಲಗೆಗಳನ್ನು ಬಡಿದು ಸದ್ದು ಮಾಡುತ್ತಿದ್ದರು. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 1965ರಲ್ಲಿ 27:39.4 ಓಡಿ ಮೊದಲ ಸಲ 28 ನಿಮಿಷ ಮುರಿದದ್ದು ಅಲ್ಲೇ. 60,000 ಸೀಟಿನ ಸ್ಟೇಡಿಯಂನಲ್ಲಿ 6,000 ಜನ ಕೂತರೆ ಖಾಲಿ ಅನ್ನಿಸುತ್ತದೆ. ಪಾರ್ಲಿಮೆಂಟ್ ಹಿಲ್‌ನಲ್ಲಿ ಅಷ್ಟೇ ಜನ ಬಂದರೆ ನಿಲ್ಲಲು ಜಾಗ ಇರುವುದಿಲ್ಲ.

ಸೋಫಾ ಪ್ರೇಕ್ಷಕ

ಇದು ಕೇಳಲು ಮಜಾ ಇದೆ. ಆದರೆ ಜನ ಓಟಕ್ಕೆ ಬಂದರೋ ಬಿಯರ್‌ಗೆ ಬಂದರೋ? ಮತ್ತೆ ಅಲ್ಲಿ ಓಡುವವರು ಕ್ಲಬ್‌ನವರೇ ಜಾಸ್ತಿ ಅಲ್ವಾ, ದೊಡ್ಡವರು ಬಂದರಾ?

ಮೂರನೇ ಲೇನ್

ಬಿಯರ್‌ಗೆ ಬಂದವರೂ ಓಟ ನೋಡಿಕೊಂಡೇ ಹೋದರು ಗುರು, ಅದರಲ್ಲಿ ನಷ್ಟ ಏನು? 2018 ಮತ್ತು 2019ರಲ್ಲಿ ಯುರೋಪಿಯನ್ 10,000 ಮೀಟರ್ ಕಪ್ ಅನ್ನೇ ಅಲ್ಲಿಗೆ ತಂದರು. ಕ್ಲಬ್ ಓಟಗಾರ ಮಧ್ಯಾಹ್ನ ಓಡಿದ ಟ್ರ್ಯಾಕ್‌ನಲ್ಲೇ ರಾತ್ರಿ ಯುರೋಪಿನ ರಾಷ್ಟ್ರೀಯ ತಂಡದವರು ಓಡಿದರು. ಮಧ್ಯಾಹ್ನ ಓಡಿದವನು, ಅವನ ಮನೆಯವರು, ಅವನ ಕ್ಲಬ್‌ನವರು, ಎಲ್ಲ ರಾತ್ರಿಯ ಪ್ರೇಕ್ಷಕರು. ನೋಡಲು ಬೇರೆ ಜನ ಹುಡುಕಬೇಕಿಲ್ಲ, ಓಡಲು ಬಂದವರೇ ನೋಡಲು ನಿಲ್ಲುತ್ತಾರೆ. ರಸ್ತೆ ಓಟಗಳು ಬೆಳೆದದ್ದೂ ಹೀಗೇ, ಚಾಂಪಿಯನ್ ಹಿಂದೆಯೇ ಸಾವಿರಾರು ಜನ ಅದೇ ದಾರಿಯಲ್ಲಿ ಓಡುತ್ತಾರೆ. ಟ್ರ್ಯಾಕ್ ಕೂಟದಲ್ಲಿ ಮಾತ್ರ ಸಾಮಾನ್ಯ ಓಟಗಾರನಿಗೆ ಬೇಲಿಯ ಆಚೆ ಜಾಗ.

ಏಕಿಡೆನ್ ಹುಚ್ಚ

ಹಬ್ಬ ಮಾಡಿದರೆ ಜನ ಬರುತ್ತಾರೆ, ಸರಿ. ಆದರೆ ಹಬ್ಬ ಇಲ್ಲದೆಯೂ 10,000ಕ್ಕೆ ತಲೆ ಕೆಡಿಸಿಕೊಳ್ಳುವ ಜನ ಇರುವ ದೇಶ ಒಂದಿದೆ, ಜಪಾನ್.

ಅಲ್ಲಿ ಹಾಕೋನೆ ಏಕಿಡೆನ್ ಅನ್ನುವ ವಿಶ್ವವಿದ್ಯಾಲಯಗಳ ರಸ್ತೆ ರಿಲೇ ಇದೆ. 1920ರಲ್ಲಿ ಶುರುವಾದದ್ದು, ಜನವರಿ 2 ಮತ್ತು 3ರಂದು, ಹತ್ತು ಜನ, ಸುಮಾರು 217 ಕಿಲೋಮೀಟರ್. ದೇಶವೇ ಟಿವಿ ಮುಂದೆ ಕೂರುತ್ತದೆ. ಅದಕ್ಕೆ ಮುಂಚೆ ಅಭಿಮಾನಿಗಳು ಪ್ರತಿ ತಂಡದ ಹುಡುಗರ 10,000 ಮೀಟರ್ ಸಮಯ ಹಿಡಿದುಕೊಂಡು ಸರಾಸರಿ ಹಾಕುತ್ತಾ ಇರುತ್ತಾರೆ. ಅಂದರೆ ನವೆಂಬರ್‌ನಲ್ಲಿ ಯಾವುದೋ ಟ್ರ್ಯಾಕ್‌ನಲ್ಲಿ, ಯಾವುದೋ ಹೀಟ್‌ನಲ್ಲಿ ಒಬ್ಬ ಹುಡುಗ 28:20 ಓಡಿದರೆ ಅದಕ್ಕೆ ಅರ್ಥ ಇದೆ. ಅವನಿಗೆ ತಂಡದಲ್ಲಿ ಜಾಗ ಸಿಗುತ್ತದೋ ಇಲ್ಲವೋ ಅನ್ನುವುದು ಅದರಲ್ಲಿ ನಿಂತಿದೆ.

ಇನ್ನೂ ಚೆನ್ನಾಗಿರುವುದು ಅಖಿಲ ಜಪಾನ್ ವಿಶ್ವವಿದ್ಯಾಲಯ ಏಕಿಡೆನ್‌ನ ಕಾಂಟೊ ಪ್ರಾಂತ್ಯದ ಅರ್ಹತಾ ಸುತ್ತು. ಅದು ಪೂರ್ತಿ ಟ್ರ್ಯಾಕ್ ಮೇಲೆ. ಪ್ರತಿ ವಿಶ್ವವಿದ್ಯಾಲಯದಿಂದ ಎಂಟು ಜನ, ನಾಲ್ಕು ಹೀಟ್, ಒಂದೊಂದು ಹೀಟ್‌ನಲ್ಲಿ ಇಬ್ಬಿಬ್ಬರು. ಎಂಟು ಜನರ 10,000 ಮೀಟರ್ ಸಮಯ ಕೂಡಿಸಿ ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ. ಈಗ ಯೋಚಿಸಿ. ಹೀಟ್‌ನಲ್ಲಿ 19ನೇ ಸ್ಥಾನದಲ್ಲಿ ಇರುವವನೂ ಸುಮ್ನೆ ಓಡಲು ಆಗಲ್ಲ, ಅವನು ಬಿಟ್ಟ ಐದು ಸೆಕೆಂಡ್ ತಂಡಕ್ಕೆ ಹೊರೆ. ಮುಂದೆ ಯಾರು ಗೆದ್ದರು ಅನ್ನುವುದಕ್ಕಿಂತ ಹಿಂದೆ ಯಾರು ಕುಸಿದರು ಅಂತ ನೋಡುವವರೇ ಜಾಸ್ತಿ. ಪ್ರತಿ ಹೀಟ್ ಆದ ಮೇಲೆ ಒಟ್ಟು ಲೆಕ್ಕ ಬದಲಾಗುತ್ತದೆ, ಗ್ಯಾಲರಿಯಲ್ಲಿ ಮೊಬೈಲ್ ಹಿಡಿದು ಲೆಕ್ಕ ಹಾಕುವವರೇ ಎಲ್ಲ.

ಇಷ್ಟೇ ನನ್ನ ಮಾತು. 10,000 ಮೀಟರ್‌ಗೆ ತಾನಾಗಿ ಬೆಲೆ ಬರುವುದಿಲ್ಲ, ಅದರಿಂದ ಮುಂದೆ ಏನಾಗುತ್ತದೆ ಅನ್ನುವುದರಿಂದ ಬರುತ್ತದೆ. ಬಹುಮಾನ ಎಷ್ಟು ಅನ್ನುವುದು ಆಮೇಲಿನ ಮಾತು.

ಸ್ಟಾಪ್‌ವಾಚ್

ನಾನು ಚಿಕ್ಕ ಮಟ್ಟದಲ್ಲಿ ಕೂಟ ನಡೆಸಿದವನು. ಮೇಲಿನದೆಲ್ಲ ಓದಿ ಖುಷಿ ಆಯಿತು, ಸ್ವಲ್ಪ ತಣ್ಣೀರು ಎರಚುತ್ತೇನೆ.

ದುಡ್ಡು ಸುರಿದರೆ ಓಟ ಸಿಗುತ್ತದೆ ಅಂದುಕೊಂಡವರು 2025ರ ಗ್ರ್ಯಾಂಡ್ ಸ್ಲ್ಯಾಮ್ ಟ್ರ್ಯಾಕ್ ನೋಡಬೇಕು. ಅಮೆರಿಕದ ಹಳೇ ಓಟಗಾರ ಮೈಕೆಲ್ ಜಾನ್ಸನ್ ಶುರು ಮಾಡಿದ್ದು. ಪ್ರತಿ ಗುಂಪಿನ ವಿಜೇತರಿಗೆ 1,00,000 ಡಾಲರ್. ದೂರದ ಓಟದ ಗುಂಪಿಗೆ 3,000 ಮತ್ತು 5,000, ಪೇಸ್‌ಮೇಕರ್ ಇಲ್ಲ. ಸ್ಥಾನಕ್ಕೆ ದುಡ್ಡು, ಸಮಯಕ್ಕಿಲ್ಲ ಅಂದಮೇಲೆ ಮುಂದೆ ಹೋಗಿ ಗಾಳಿಗೆ ಎದೆ ಕೊಡುವವನು ದಡ್ಡ. ಸಹಜವಾಗಿ ಪುರುಷರು ಕಿಂಗ್‌ಸ್ಟನ್‌ನಲ್ಲಿ ನಿಧಾನಕ್ಕೆ ಓಡಿ ಕೊನೆಗೆ ಮಾತ್ರ ಜೋರು ಮಾಡಿದರು. ಫಿಲಡೆಲ್ಫಿಯಾ ಹೊತ್ತಿಗೆ ಮೂರು ದಿನದ ಕೂಟ ಎರಡು ದಿನ ಆಯಿತು, 5,000 ಕೈಬಿಟ್ಟರು. ಲಾಸ್ ಏಂಜಲೀಸ್ ಕೂಟ ನಡೆಯಲೇ ಇಲ್ಲ. ಓಟಗಾರರು ದುಡ್ಡಿಗೆ ಕಾದು ಕೂತರು. ಅಷ್ಟು ದೊಡ್ಡ ಬಹುಮಾನ ಇಟ್ಟೂ ಜನರಿಗೆ ಯಾಕೆ ನೋಡಬೇಕು ಅಂತ ಹೇಳಲಾಗಲಿಲ್ಲ.

ಪ್ರತಿ ಕೆಲವು ಸುತ್ತಿಗೆ ಕೊನೆಯವನನ್ನು ಹೊರಗೆ ಹಾಕುವ ಓಟವೂ ಅಲ್ಲಲ್ಲಿ ಪ್ರಯತ್ನ ಆಗಿದೆ. ಶಾಲೆಯ ಕ್ರೀಡಾಕೂಟಕ್ಕೆ ಚೆನ್ನ. ದೊಡ್ಡ ಓಟಗಾರರಿಗೆ ಇದು ಹಿಡಿಸುವುದಿಲ್ಲ. ಹಿಂದೆ ಇದ್ದು ಕೊನೆಗೆ ಬರುವುದೂ ಒಂದು ಜಾಣತನ, ಅದನ್ನು ಶಿಕ್ಷಿಸಿದ ಹಾಗಾಗುತ್ತದೆ.

ಕೆಲಸ ಮಾಡಿದ್ದು ಬೇರೆ. ಸಂಜೆ ತಡವಾಗಿ ಇಡುವುದು. 10,000 ಅನ್ನು ಬೇರೆ ಸ್ಪರ್ಧೆಗಳ ನಡುವೆ ತುರುಕದೆ ಒಂಟಿಯಾಗಿ ಬಿಡುವುದು. ಏಕಿಡೆನ್ ಅವರು ಹೇಳಿದಂತೆ ಏನಾದರೂ ಪಣಕ್ಕಿಡುವುದು. ಕೀನ್ಯಾದವರು 2024ರಲ್ಲಿ ತಮ್ಮ ಒಲಿಂಪಿಕ್ 10,000 ಆಯ್ಕೆ ಓಟವನ್ನು ಅಮೆರಿಕದ ಯೂಜೀನ್‌ನಲ್ಲಿ ನಡೆಯುವ ಪ್ರಿಫಾಂಟೇನ್ ಕ್ಲಾಸಿಕ್ ಕೂಟದಲ್ಲೇ ಇಟ್ಟರು. ತಂಡಕ್ಕೆ ಸೇರಬೇಕು, ಸ್ಟೇಡಿಯಂನಲ್ಲಿ ಓಟ ಗೊತ್ತಿರುವ ಜನ, ಬಿಯಾಟ್ರಿಸ್ ಚೆಬೆಟ್ 28:54.14 ಓಡಿದರು. 29 ನಿಮಿಷದ ಒಳಗೆ ಓಡಿದ ಮೊದಲ ಮಹಿಳೆ. ಆ ಕೂಟಕ್ಕೆ ಖರ್ಚಿಲ್ಲದೆ ವಿಶ್ವ ದಾಖಲೆ ಬಂತು ಅಂತಲೇ ಹೇಳಬಹುದು, ದೊಡ್ಡವರೆಲ್ಲ ಹೇಗೂ ಆ ಓಟ ಓಡಲೇಬೇಕಿತ್ತು. ದೇಶದ ಆಯ್ಕೆ ಓಟಗಳನ್ನು ಯಾರೂ ಇಲ್ಲದ ಬೆಳಗಿನ ಜಾವ ಮುಗಿಸುವ ಸಂಘಗಳು ಇದನ್ನು ಗಮನಿಸಬೇಕು.

ಹಳೇ ಸ್ಪೈಕ್ಸ್

ಚೆಬೆಟ್ ವಿಷಯ ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ 1954ರಲ್ಲಿ ಬ್ರಸೆಲ್ಸ್‌ನಲ್ಲಿ ಪುರುಷರಲ್ಲಿ ಮೊದಲ ಸಲ 29 ನಿಮಿಷ ಮುರಿದಾಗ ಓಡಿದ್ದು 28:54.2. ಚೆಬೆಟ್‌ರದು 28:54.14. 70 ವರ್ಷದ ನಂತರ ಹತ್ತಿರ ಹತ್ತಿರ ಅದೇ ಸೆಕೆಂಡ್. ಇದನ್ನು ಓಟದ ದಿನವೇ ಮೈಕ್‌ನಲ್ಲಿ ಹೇಳಿದ್ದರೆ, ದೊಡ್ಡ ಪರದೆಯಲ್ಲಿ ಜಾಟೊಪೆಕ್ ಸಮಯವನ್ನೂ ಪಕ್ಕದಲ್ಲಿ ಓಡಿಸಿದ್ದರೆ ಹೇಗಿರುತ್ತಿತ್ತು! ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ 10,000 ಸಿಕ್ಕಿದ್ದೇ 1988ರಲ್ಲಿ, 5,000 ಅಂತೂ 1996ರಲ್ಲಿ. ಕತೆಗೆ ಬರವಿಲ್ಲ.

2021ರಲ್ಲಿ ನೆದರ್‌ಲೆಂಡ್ಸ್‌ನ ಹೆಂಗೆಲೊದಲ್ಲಿ ಆದದ್ದು ಇನ್ನೂ ಮಜಾ. ಜೂನ್ 6ರಂದು ಸಿಫಾನ್ ಹಸನ್ ಅಲ್ಲಿ 29:06.82 ಓಡಿ ವಿಶ್ವ ದಾಖಲೆ ಮಾಡಿದರು. ಎರಡೇ ದಿನದ ನಂತರ ಅದೇ ಟ್ರ್ಯಾಕ್‌ನಲ್ಲಿ ಇಥಿಯೋಪಿಯಾದ ಆಯ್ಕೆ ಓಟ, ಲೆಟೆಸೆನ್‌ಬೆಟ್ ಗಿಡೆ 29:01.03 ಓಡಿ ಅದನ್ನು ಅಳಿಸಿಹಾಕಿದರು. ಬೇರೆ ಯಾವ ಆಟದಲ್ಲಾದರೂ ಇಂಥದ್ದು ನಡೆದಿದ್ದರೆ ವಾರವಿಡೀ ಅದೇ ಸುದ್ದಿ.

ಲ್ಯಾಪ್ ಎಣಿಸುವವ

ಮೈಕ್ ಅಂದಿರಲ್ಲ, ಅಲ್ಲೇ ಇರುವುದು ವಿಷಯ. ನಾನು ಸುತ್ತು ಎಣಿಸುವ ಮೇಜಿನಲ್ಲಿ ಕೂತವನು. ನಿಯಮದ ಪ್ರಕಾರ ಒಬ್ಬ ಎಣಿಸುವವನಿಗೆ ನಾಲ್ಕಕ್ಕಿಂತ ಜಾಸ್ತಿ ಓಟಗಾರರನ್ನು ಕೊಡುವಂತಿಲ್ಲ. ನಿಮ್ಮ ನಾಲ್ವರ ನಂಬರ್, ಪ್ರತಿ ಸುತ್ತಿನ ಸಮಯ ಬರೆದುಕೊಳ್ಳುತ್ತಾ ಹೋಗಬೇಕು. 12ನೇ ಸುತ್ತಿನ ಹೊತ್ತಿಗೆ ಆ ಹಾಳೆ ನೋಡಿದರೇ ಓಟ ಪೂರ್ತಿ ಓದಬಹುದು. 67, 67, 68, 67, ಆಮೇಲೆ ಇದ್ದಕ್ಕಿದ್ದಂತೆ 71, 73. ಅವನು ಇನ್ನೂ ಗುಂಪಿನ ಹಿಂದೆಯೇ ಕಾಣುತ್ತಾನೆ, ಗ್ಯಾಲರಿಗೆ ಏನೂ ಗೊತ್ತಿಲ್ಲ, ಆದರೆ ಹಾಳೆಯಲ್ಲಿ ಅವನ ಕತೆ ಮುಗಿದಿದೆ. ಇನ್ನೊಬ್ಬನದು 70, 70, 69, 68, 67. ಯಾರೂ ಗಮನಿಸದ ಹತ್ತನೇ ಸ್ಥಾನದಿಂದ ಒಬ್ಬೊಬ್ಬರನ್ನೇ ನುಂಗುತ್ತಾ ಬರುತ್ತಿದ್ದಾನೆ.

ಆ ಹಾಳೆಯನ್ನು ಪರದೆ ಮೇಲೆ ಹಾಕಿ ಸಾಕು. ಈಗಿನ ಚಿಪ್ ವ್ಯವಸ್ಥೆಯಲ್ಲಿ ಪ್ರತಿ ಸುತ್ತಿನ ಸಮಯ ಹೇಗೂ ಬರುತ್ತದೆ. ಯಾರು ಏರುತ್ತಿದ್ದಾರೆ, ಯಾರು ಇಳಿಯುತ್ತಿದ್ದಾರೆ ಅಂತ ಎರಡು ಬಣ್ಣದಲ್ಲಿ ತೋರಿಸಿದರೆ ಸೋಫಾ ಅವರು ಸೀಟು ಬಿಟ್ಟು ಏಳುವುದಿಲ್ಲ.

ಸೋಫಾ ಪ್ರೇಕ್ಷಕ

ಇದಕ್ಕೆ ನಾನು ದುಡ್ಡು ಕೊಟ್ಟು ಬರುತ್ತೇನೆ, ನಿಜವಾಗಿ. ಎಲ್ಲರದೂ ಒಂದೇ ಬಣ್ಣದ ಬನಿಯನ್ ಆಗಿದ್ದರೆ ಟೋಪಿಯಾದರೂ ಬೇರೆ ಬೇರೆ ಬಣ್ಣದ್ದು ಕೊಡಿ.

ಇನ್ನೊಂದು ಹೇಳಬೇಕು. ಟೋಕಿಯೊ 2025ರ ಪುರುಷರ ಫೈನಲ್ ನೋಡಿದೆ. ಸೆಕೆ, ನಿಧಾನದ ಓಟ, ಗ್ರೆಸ್ಸಿಯೆ ಗೆದ್ದದ್ದು 28:55.77ಕ್ಕೆ. ಮೇಲಿನ ಲೆಕ್ಕದಲ್ಲಿ ಚೆಬೆಟ್ ದಾಖಲೆಗಿಂತ, ಜಾಟೊಪೆಕ್‌ಗಿಂತ ನಿಧಾನ! ಆದರೂ ಕೊನೆಯ ಸುತ್ತಿನಲ್ಲಿ ಮನೆಯಲ್ಲಿ ಕೂಗಿದ್ದು ನಾನೇ, ಕೆಜೆಲ್ಚಾ 0.06 ಸೆಕೆಂಡಿನಲ್ಲಿ ಸೋತ. ಗಡಿಯಾರ ಮುಖ್ಯ ಅಲ್ಲ ಅಂತ ನಾನು ಮೊದಲೇ ಹೇಳಿದ್ದೆ ಅಲ್ವಾ. ಆ ಹಸಿರು ದೀಪವನ್ನು ಬರೀ ದಾಖಲೆ ಪ್ರಯತ್ನಕ್ಕೆ ಇಡಿ, ಉಳಿದ ದಿನ ಆರಿಸಿ.

ಹಳೇ ಸ್ಪೈಕ್ಸ್

ದೀಪ ಆರಿಸಿದರೆ 27:00 ಬೇಕಾದವರು ಬರುವುದಿಲ್ಲ. ಅರ್ಹತೆಯಲ್ಲಿ ಸಮಯಕ್ಕಿಂತ ಸ್ಥಾನಕ್ಕೆ ಜಾಸ್ತಿ ಅಂಕ ಸಿಗುವವರೆಗೆ ನಿಮ್ಮ ಆಸೆ ನಡೆಯಲ್ಲ.

ಸ್ಟಾಪ್‌ವಾಚ್

ಎರಡು ಹೀಟ್ ಇಡೋಣ. ಎಂಟು ಗಂಟೆಗೆ ದೀಪ ಹಾಕಿ ಸಮಯ ಬೇಕಾದವರಿಗೆ, ಒಂಬತ್ತಕ್ಕೆ ದೀಪ ಇಲ್ಲದೆ ತಂಡಗಳಿಗೆ, ಎಂಟೆಂಟು ಜನರ ಬದಲು ಮೂರು ಮೂರು ಜನ, ಸಮಯ ಕೂಡಿಸಿ ಗೆಲುವು. ಜನ ಹೊರಗಿನ ಲೇನ್‌ಗಳಲ್ಲಿ. ಸುತ್ತು ಹಿಂದೆ ಬಿದ್ದವರನ್ನು ತೆಗೆಯಬೇಕಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ತೆಗೆಯಲ್ಲ. ತಂಡದ ಲೆಕ್ಕದಲ್ಲಿ ಅವರೇ ಮುಖ್ಯ. ಲ್ಯಾಪ್ ಸರ್, ಎಣಿಸುವವರು ಎಷ್ಟು ಜನ ಬೇಕು?

ಲ್ಯಾಪ್ ಎಣಿಸುವವ

24 ಜನ ಓಡಿದರೆ ಆರು ಮಂದಿ. ಇನ್ನೆಷ್ಟು ಸುತ್ತು ಅಂತ ತೋರಿಸುವ ಫಲಕಕ್ಕೆ ಒಬ್ಬ, ಕೊನೆಯ ಸುತ್ತಿನ ಗಂಟೆ ಬಾರಿಸಲು ಒಬ್ಬ. ಚಿಪ್ ಕೈಕೊಟ್ಟರೆ ಅಂತ ಪೆನ್ಸಿಲ್ ಜಾಸ್ತಿ ತರಲು ಹೇಳಿ, ಇಬ್ಬನಿಗೆ ಪೆನ್ನು ಬರೆಯಲ್ಲ.